ಆರಕ್ಕೇರದ ಸೀಟು

ಇಳಿಜಾರು ಮುಗಿಯಿತು, ಏರು ಶುರುವಾಯಿತು. ಸೈಕಲ್ ಹ್ಯಾಂಡಲ್ ಪಕ್ಕದ ಲಿವರ್ ಒತ್ತಿದೆ. ಸೀಟು ಮೇಲೆ ಬರಬೇಕಿತ್ತು, ಬರಲಿಲ್ಲ. ಮತ್ತೆ ಒತ್ತಿದೆ. ಒಂದೆರಡು ಬೆರಳಿನಷ್ಟು ಎದ್ದು, ‘ಇಷ್ಟು ಸಾಕಲ್ಲ’ ಎನ್ನುವಂತೆ ನಿಂತಿತು. ಮೂರನೇ ಸಲ ಒತ್ತಿದರೆ ಅದೂ ಇಲ್ಲ.

ಸೀಟು ಕೆಳಗಿಟ್ಟುಕೊಂಡು ಏರು ಹತ್ತಿದವರಿಗೆ ಗೊತ್ತು ಆ ಪಾಡು. ಮಗುವಿನ ಮೂರು ಚಕ್ರದ ಸೈಕಲ್ ಮೇಲೆ ದೊಡ್ಡ ಮಾವ ಕೂತ ಹಾಗಿರುತ್ತದೆ. ಎರಡು ಮೊಣಕಾಲೂ ಸರದಿಯ ಪ್ರಕಾರ ಮೇಲೆ ಬಂದು ಗಲ್ಲವನ್ನು ವಿಚಾರಿಸಿಕೊಂಡು ಹೋಗುತ್ತವೆ. ನಿಂತು ತುಳಿದರೆ ತೊಡೆ ಉರಿಯುತ್ತದೆ, ಕೂತು ತುಳಿದರೆ ಮಾನ ಹೋಗುತ್ತದೆ. ನಾನು ಇಳಿದು ತಳ್ಳಿದೆ. ನಡುವೆ ನೀರು ಕುಡಿಯೋಣವೆಂದು ಬಾಟಲಿ ತೆಗೆದರೆ ಮುಚ್ಚಳ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಬೆಳಿಗ್ಗೆ ಅದನ್ನು ಮುಚ್ಚಿದ್ದು ನಾನೇ.

ಸೀಟಿನ ಕೆಳಗೆ ನಿಂತು ಅದನ್ನು ಹೀಗೆ ಏರಿಳಿಸುವ ಕಂಬಕ್ಕೆ ಡ್ರಾಪರ್ ಪೋಸ್ಟ್ ಅಂತ ಹೆಸರು. ಏರು ಹತ್ತುವಾಗ ಸೀಟು ಎತ್ತರದಲ್ಲಿದ್ದರೆ ಕಾಲು ಪೂರ್ತಿ ಚಾಚುತ್ತದೆ, ತುಳಿಯಲು ಬಲ ಸಿಗುತ್ತದೆ. ಕಲ್ಲು, ಬೇರು, ಗುಂಡಿ ಇರುವ ಇಳಿಜಾರಿನಲ್ಲಿ ಅದೇ ಎತ್ತರದ ಸೀಟು ಶತ್ರು. ಮೈಯನ್ನು ಹಿಂದಕ್ಕೂ ಕೆಳಕ್ಕೂ ಸರಿಸಲು ಬಿಡುವುದಿಲ್ಲ, ಹಿಂದಿನಿಂದ ಎತ್ತಿ ಒಗೆಯುತ್ತದೆ. ಡ್ರಾಪರ್ ಇದ್ದರೆ ಲಿವರ್ ಒತ್ತಿ ಕೂತರೆ ಸೀಟು ಇಳಿಯುತ್ತದೆ. ಎದ್ದು ನಿಂತು ಮತ್ತೆ ಒತ್ತಿದರೆ ತಾನೇ ಮೇಲೆ ಬರುತ್ತದೆ. ನನ್ನದು 150 ಮಿಲಿಮೀಟರ್ ಏರಿಳಿಯುವಂಥದ್ದು. ಅಂದರೆ, ಏರಿಳಿಯಬೇಕಾಗಿದ್ದದ್ದು.

ಕೊಳ್ಳುವಾಗ ಮನೆಯಲ್ಲಿ ದೊಡ್ಡ ಉಪನ್ಯಾಸವನ್ನೇ ಕೊಟ್ಟಿದ್ದೆ. “ನೋಡು, ಮೊದಲೆಲ್ಲ ಪ್ರತಿ ಇಳಿಜಾರಿಗೂ ಸೈಕಲ್ ನಿಲ್ಲಿಸಿ, ಇಳಿದು, ಸೀಟಿನ ಕಂಬವನ್ನ ಫ್ರೇಮಿಗೆ ಬಿಗಿದಿಡೋ ಕ್ಲ್ಯಾಂಪ್ ಸಡಿಲ ಮಾಡಿ ಸೀಟು ಇಳಿಸಬೇಕಿತ್ತು. 1980ರ ದಶಕದಲ್ಲಿ ಜೋ ಬ್ರೀಜ್, ಜೋಶ್ ಏಂಜೆಲ್ ಅಂತ ಇಬ್ಬರು ಹೈಟ್ ರೈಟ್ ಅನ್ನೋ ಸ್ಪ್ರಿಂಗ್ ಮಾಡಿದ್ರು. ಕ್ಲ್ಯಾಂಪ್ ಬಿಚ್ಚಿದ್ರೆ ಸ್ಪ್ರಿಂಗೇ ಸೀಟನ್ನ ಎತ್ತೋದು. ಈಗ ಅದೇ ಬೆಳೆದು ಇಲ್ಲಿಗೆ ಬಂದಿದೆ. 2022ರಲ್ಲಿ ಸ್ಲೊವೇನಿಯಾದ ಮತೇಯ್ ಮೊಹೊರಿಚ್ ರಸ್ತೆ ಸೈಕಲ್ಲಿಗೇ ಡ್ರಾಪರ್ ಹಾಕ್ಕೊಂಡು ಮಿಲಾನ್–ಸ್ಯಾನ್ ರೆಮೊ ರೇಸ್ ಗೆದ್ದ. ಕೊನೆಯ ಪೊಜ್ಜಿಯೊ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿಬಿಟ್ಟ!”

ಹೆಂಡತಿ ಎಲ್ಲವನ್ನೂ ಕೇಳಿ, “ನೀವು ಯಾರನ್ನ ಹಿಂದೆ ಹಾಕ್ಬೇಕು?” ಎಂದಿದ್ದಳು. ಅವತ್ತು ಉತ್ತರ ಹೊಳೆದಿರಲಿಲ್ಲ. ಸೈಕಲ್ ತಳ್ಳಿಕೊಂಡು ಮನೆಗೆ ಬಂದ ದಿನವೂ ಹೊಳೆಯಲಿಲ್ಲ.

ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಸೈಕಲ್ ವಿಷಯದಲ್ಲಿ ಅವನು ನಮ್ಮ ಗುಂಪಿನ ವೈದ್ಯ. ಆದರೆ ಕೇಳುವ ಪ್ರಶ್ನೆಗಳು ಮಾತ್ರ ವಕೀಲರವು.

“ಸೀಟು ಇಳಿದಿರುವಾಗ ಸೀಟನ್ನೇ ಹಿಡಿದು ಸೈಕಲ್ ಎತ್ತಿದೀಯಾ?”

“ಎತ್ತಿರಬಹುದು ಮಾರಾಯ.”

“ತಪ್ಪು. ಕೆಲವು ಪೋಸ್ಟ್‌ಗಳಲ್ಲಿ ಹಾಗೆ ಎಳೆದ್ರೆ ಒಳಗಿನ ಗಾಳಿ ಸೀಲ್ ದಾಟಿ ಎಣ್ಣೆ ಕಡೆ ಸೇರುತ್ತೆ. ಆಮೇಲೆ ಸೀಟು ಸ್ಪಂಜಿನ ಹಾಗೆ ಆಡುತ್ತೆ. ಆಡ್ತಿದೆಯಾ?”

“ಇಲ್ಲ, ಗಟ್ಟಿಯಾಗೇ ಇದೆ. ಮೇಲೆ ಬರ್ತಿಲ್ಲ ಅಷ್ಟೇ.”

“ಹಾಗಿದ್ರೆ ಗಾಳಿ ಕಮ್ಮಿ ಇರಬಹುದು. ಇಲ್ಲ ಕೇಬಲ್ ಸಡಿಲ. ಇಲ್ಲ ಒಳಗೆ ಕೊಳೆ. ಇಲ್ಲ ಕಾರ್ಟ್ರಿಜ್ ಹೋಗಿದೆ. ಇತ್ತೀಚೆಗೆ ಏನಾದ್ರೂ ಮುಟ್ಟಿದ್ಯಾ?”

“ಏನೂ ಇಲ್ಲಪ್ಪ. ಮೊನ್ನೆ ತೊಳೆದು, ಒರೆಸಿ, ಎಲ್ಲಾ ಬೋಲ್ಟನ್ನೂ ಒಂದ್ಸಲ ನೋಡಿದೆ ಅಷ್ಟೇ.”

ಎಷ್ಟು ಒಳ್ಳೆಯ ಹುಡುಗ ನಾನು! ಇಬ್ಬರೂ ಆ ಮಾತನ್ನು ಅಲ್ಲೇ ಬಿಟ್ಟು ಮುಂದೆ ಹೋದೆವು.

ಅವನು ಹೇಳಿದ ನಾಲ್ಕರಲ್ಲಿ ನನಗೆ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಕಾರ್ಟ್ರಿಜ್! ಪೋಸ್ಟಿನ ಹೊಟ್ಟೆಯಲ್ಲಿ ಇರುವ, ಗಾಳಿಯನ್ನು ಒತ್ತಿ ತುಂಬಿದ ಕೊಳವೆ ಅದು. ಆಫೀಸಿನ ಕುರ್ಚಿಯನ್ನು ಎತ್ತುವುದೂ ಅದರ ದಾಯಾದಿಯೇ. ಕಾಯಿಲೆ ಬಂದರೆ ದೊಡ್ಡದೇ ಇರಲಿ ಅನ್ನುವ ಮನುಷ್ಯನ ಆಸೆ ವಿಚಿತ್ರ. ಸಾಮಾನ್ಯ ನೆಗಡಿ ಎಂದರೆ ಬೇಜಾರಾಗುತ್ತದೆ.

ಮೊದಲು ಗಾಳಿ ನೋಡೋಣ ಎಂದುಕೊಂಡೆ. ಮೌಂಟನ್ ಬೈಕಿನ ಟೈರಿಗೆ 25 ಪಿಎಸ್‌ಐ ಗಾಳಿಯೊತ್ತಡ ಸಾಕು. ನನ್ನ ಪೋಸ್ಟಿಗೆ 250 ಬೇಕು. ಟೈರಿನ ಪಂಪ್‌ನಿಂದ ಅದು ಆಗುವ ಮಾತಲ್ಲ. ಸಿರಿಂಜಿನಷ್ಟು ಸಣಕಲಾದ ಶಾಕ್ ಪಂಪ್ ಬೇಕು. ಗೆಳೆಯನದ್ದೇ ತಂದು ಸೀಟಿನ ಕೆಳಗಿನ ವಾಲ್ವಿಗೆ ಸಿಕ್ಕಿಸಿದೆ. 210 ತೋರಿಸಿತು. ಸಿಕ್ಕಿಬಿದ್ದ ಕಳ್ಳ! 250ಕ್ಕೆ ಏರಿಸಿ ಪಂಪ್ ಬಿಚ್ಚಿದೆ. ‘ಪುಸ್’ ಎಂದಿತು. ಅಯ್ಯೋ, ಹಾಕಿದ್ದೆಲ್ಲ ಹೋಯಿತಾ? ಮತ್ತೆ ಪಂಪ್ ಹಾಕಿ ನೋಡಿದೆ. 210. ಮತ್ತೆ ತುಂಬಿದೆ. ಮತ್ತೆ ‘ಪುಸ್’. ಮತ್ತೆ 210. ಅರ್ಧ ಗಂಟೆ ಹೀಗೇ ನಡೆಯಿತು. ಕಾರ್ಟ್ರಿಜ್ ಸೋರುತ್ತಿದೆ ಎಂದು ಗೆಳೆಯನಿಗೆ ಮರಣವಾರ್ತೆಯ ಧಾಟಿಯಲ್ಲಿ ತಿಳಿಸಿದೆ.

ಅವನು ನಕ್ಕ. ಒಳಗಿರುವುದು ಚೂರೇ ಚೂರು ಗಾಳಿಯಂತೆ. ಪಂಪ್ ಸಿಕ್ಕಿಸಿದ ಕೂಡಲೇ ಅದರಲ್ಲಿ ಸ್ವಲ್ಪ ಪಂಪಿನ ಕೊಳವೆಗೆ ನುಗ್ಗುತ್ತದೆ. ಅದಕ್ಕೇ ಮುಳ್ಳು ಕೆಳಗೆ ತೋರಿಸುತ್ತದೆ. ಬಿಚ್ಚುವಾಗ ಬರುವ ‘ಪುಸ್’ ಆ ಕೊಳವೆಯ ಗಾಳಿಯದು, ಪೋಸ್ಟಿನದಲ್ಲ. ಗಿಡ ಬೇರು ಬಿಟ್ಟಿದೆಯಾ ಎಂದು ದಿನವೂ ಕಿತ್ತು ನೋಡುವವನ ಕೆಲಸವನ್ನು ನಾನು ಅರ್ಧ ಗಂಟೆ ಮಾಡಿದ್ದೆ. ಕೊನೆಯ ಸಲ ತುಂಬಿ, ನೋಡದೆ ಬಿಟ್ಟೆ. ಗಾಳಿ ಸರಿಯಾಯಿತು. ಸೀಟು ಮಾತ್ರ ಮೇಲೆ ಬರಲಿಲ್ಲ.

ಮರುದಿನ ಕೊಳೆ ತೆಗೆಯುವ ಕಾರ್ಯಕ್ರಮ. ಪೋಸ್ಟಿನ ಒಳಕೊಳವೆಗೂ ಹೊರಕೊಳವೆಗೂ ನಡುವೆ ಗ್ರೀಸ್ ಇರುತ್ತದೆ, ಮೇಲೆ ಧೂಳು ತಡೆಯುವ ರಬ್ಬರ್ ಸೀಲ್ ಇರುತ್ತದೆ. ಅದನ್ನು ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಚ್ಚುವುದು ಸರಿಯಾದ ದಾರಿ. ನನ್ನ ಕೈಗೆ ಸಿಕ್ಕಿದ್ದು ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ. ಬಾಗಿಲು ಕಿರ್ ಅಂದರೆ ಅದು, ಬೀಗ ಸಿಕ್ಕಿಕೊಂಡರೆ ಅದು. ಸೀಟಿಗೂ ಅದೇ ಇರಲಿ ಎಂದು ಧಾರಾಳವಾಗಿ ಹೊಡೆದೆ. ಅದು ಇದ್ದಬದ್ದ ಗ್ರೀಸನ್ನೆಲ್ಲ ತೊಳೆದುಕೊಂಡು ಕೆಳಗಿಳಿಯಿತು. ತುಂತುರಿನ ಒಂದು ಪಾಲು ಹಿಂದಿನ ಚಕ್ರದ ಡಿಸ್ಕ್ ಬ್ರೇಕಿಗೂ ಸಂದಾಯವಾಯಿತು. ಆಮೇಲೆ ಬ್ರೇಕ್ ಹಿಡಿದರೆ ಸೈಕಲ್ ನಿಲ್ಲುವುದಿಲ್ಲ. ನವಿಲು ಕೂಗಿದಂಥ ಸದ್ದು ಬೇರೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ದಾಯಿತು. ಪ್ಯಾಡ್ ಎಣ್ಣೆ ಕುಡಿದಿತ್ತು, ಬದಲಾಯಿಸಬೇಕಾಯಿತು. ಸೀಟು ಏರದ ಸೈಕಲ್ ಹೋಗಿ, ಸೀಟೂ ಏರದ ಬ್ರೇಕೂ ಹಿಡಿಯದ ಸೈಕಲ್ ಆಗಿತ್ತು ನನ್ನದು. ಇದರ ಬಗ್ಗೆ ಜಾಸ್ತಿ ಹೇಳುವುದು ಬೇಡ.

ಇನ್ನು ಪೋಸ್ಟನ್ನೇ ಹೊರಗೆ ತೆಗೆಯಬೇಕು. ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಲು ಅಲೆನ್ ಕೀ ಹಾಕಿದೆ. ಅಲುಗಲಿಲ್ಲ. ಕೀಲಿಗೆ ಒಂದು ಪೈಪ್ ತೂರಿಸಿ, ಉಸಿರು ಬಿಗಿಹಿಡಿದು ತಿರುಗಿಸಿದಾಗ ‘ಟಣ್’ ಎಂದು ಬಿಟ್ಟಿತು. ಆ ಸದ್ದು ಕೇಳಿಯಾದರೂ ನನಗೆ ಹೊಳೆಯಬಹುದಿತ್ತು. ಹೊಳೆಯಲಿಲ್ಲ. ‘ಒಳ್ಳೆ ಗಟ್ಟಿ ಬಿಗಿದಿದೀನಿ’ ಎಂದು ಹೆಮ್ಮೆಯಾಯಿತು.

ಪೋಸ್ಟಿನ ಬುಡಕ್ಕೆ ಕೇಬಲ್ ಕಟ್ಟಿರುತ್ತದೆ. ಅದು ಫ್ರೇಮಿನ ಹೊಟ್ಟೆಯೊಳಗಿಂದ ಸುತ್ತಿ ಹ್ಯಾಂಡಲ್ ಹತ್ತಿರ ಹೊರಬರುತ್ತದೆ. ಮೇಲೆ ಎಳೆಯುವಾಗ ಮುಂದಿನಿಂದ ಕೇಬಲ್ಲನ್ನು ಒಳಕ್ಕೆ ತಳ್ಳಿಕೊಡಬೇಕು. ವಾಪಸ್ ಇಳಿಸುವಾಗ ಮುಂದಿನಿಂದ ಎಳೆದುಕೊಳ್ಳಬೇಕು. ಇಲ್ಲದಿದ್ದರೆ ಅದು ಒಳಗೇ ಮಡಚಿಕೊಳ್ಳುತ್ತದೆ. ಇದಕ್ಕೆ ಮೂರು ಕೈ ಬೇಕು. ಮಗಳನ್ನು ಕರೆದು ಮುಂದೆ ನಿಲ್ಲಿಸಿದೆ. “ತಳ್ಳು” ಎಂದಾಗ ಎಳೆದಳು. “ಎಳಿ” ಎಂದಾಗ, “ಯಾವ ಕಡೆಗೆ ಅಪ್ಪಾ?” ಎಂದಳು. ಅವಳದೇನೂ ತಪ್ಪಿಲ್ಲ. ಅಂತೂ ಪೋಸ್ಟ್ ಹೊರಬಂತು.

ಕೇಬಲ್ ಕಳಚಿ, ಪೋಸ್ಟಿನ ಬುಡದ ಪುಟ್ಟ ಲಿವರನ್ನು ಬೆರಳಲ್ಲಿ ಒತ್ತಿದೆ. ಠಪ್! ಅರ್ಧ ಸೆಕೆಂಡಿನಲ್ಲಿ ಪೂರ್ತಿ ಎದ್ದು ನಿಂತಿತು. ಅದುಮಿದೆ, ಒತ್ತಿದೆ, ಮತ್ತೆ ಠಪ್! ಎಂಥ ಚುರುಕು! ಬಿಚ್ಚಿ ಒರೆಸಿ, ತಿರುಗದ ಹಾಗೆ ಹಿಡಿಯುವ ಹಿತ್ತಾಳೆ ಚೂರುಗಳನ್ನು ಅದರದರ ಜಾಗಕ್ಕೇ ಕೂರಿಸಿ, ಈ ಸಲ ನಿಜವಾದ ಗ್ರೀಸನ್ನೇ ಹಚ್ಚಿದೆ. ಇನ್ನೂ ನುಣುಪಾಯಿತು. ಮನೆಯವರನ್ನೆಲ್ಲ ಕರೆದು ಪ್ರದರ್ಶನ ಕೊಟ್ಟೆ. ಆಮೇಲೆ ಸೈಕಲ್ಲಿಗೆ ಹಾಕಿ, ಚೆನ್ನಾಗಿ ಬಿಗಿದು, ಲಿವರ್ ಒತ್ತಿದೆ.

ಒಂದೆರಡು ಬೆರಳು ಎದ್ದು ನಿಂತಿತು.

ಮನೆಯಲ್ಲಿ ಪದ್ಯ ಪಟಪಟ ಹೇಳಿ, ವೇದಿಕೆ ಹತ್ತಿದ ಕೂಡಲೇ ಬೆಪ್ಪಾಗುವ ಮಗುವಿನ ಹಾಗೆ. ಕೇಬಲ್ಲೇ ಸಡಿಲ ಇರಬೇಕು ಎಂದು ತೀರ್ಮಾನಿಸಿ ಅದನ್ನೂ ಬಿಗಿದೆ. ಕೇಬಲ್ ಸಡಿಲ ಇದ್ದರೆ ಒಳಗಿನ ವಾಲ್ವ್ ಪೂರ್ತಿ ತೆರೆಯುವುದಿಲ್ಲ, ನಿಜ. ಆದರೆ ಜಾಸ್ತಿ ಬಿಗಿದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಅಂದರೆ ಸೀಟು ಎಲ್ಲಿಯೂ ನಿಲ್ಲದೆ ಜಾರುತ್ತದೆ. ಈಗ ಸೀಟನ್ನು ಕೈಯಲ್ಲಿ ಎಳೆದು ಎತ್ತರಿಸಿ ಕೂತರೆ, ಮುಳುಗುವ ಹಡಗಿನ ಕಪ್ತಾನನ ಗಾಂಭೀರ್ಯದಲ್ಲಿ ನಾನು ನಿಧಾನವಾಗಿ ಕೆಳಗೆ ಹೋಗುತ್ತಿದ್ದೆ. ಗೋಡೆ ಹಿಡಿದುಕೊಂಡು, ನಿಂತ ಸೈಕಲ್ ಮೇಲೆ ಕೂರುವುದು, ಇಳಿಯುವುದು, ಏಳುವುದು. ಹೀಗೆ ನಲವತ್ತು ಸಲ ಪರೀಕ್ಷೆ ಮಾಡಿದೆ. ಪಕ್ಕದ ಮನೆಯವರು ಹಣಕಿ ನೋಡಿ, “ಒಳ್ಳೇದು, ನಾನೂ ಬಸ್ಕಿ ಶುರು ಮಾಡ್ಬೇಕು ಅಂತಿದ್ದೆ” ಎಂದು ಒಳಗೆ ಹೋದರು.

ಕೇಬಲ್ಲನ್ನು ಹದಕ್ಕೆ ತಂದೆ. ಜಾರುವುದು ನಿಂತಿತು. ಏರುವುದು ಬರಲಿಲ್ಲ. ಮತ್ತೆ ಪೋಸ್ಟ್ ಹೊರಗೆ. ಠಪ್! ಮತ್ತೆ ಒಳಗೆ. ಮೌನ. ಮತ್ತೆ ಹೊರಗೆ. ಠಪ್! ಹೊಸ ಕಾರ್ಟ್ರಿಜ್ ತರಿಸುವುದೇ ಗತಿ ಎಂದು ನೆಲದ ಮೇಲೆ ಕಾಲು ಚಾಚಿ ಕೂತೆ. ಸುತ್ತ ಹಳೇ ಪೇಪರ್, ಅದರ ಮೇಲೆ ಗ್ರೀಸ್, ಗ್ರೀಸಿನಲ್ಲಿ ನನ್ನ ಐದೂ ಬೆರಳಿನ ಅಚ್ಚು.

ಹೆಂಡತಿ ಕೈಯಲ್ಲಿ ಒಂದು ಡಬ್ಬಿ ಹಿಡಿದು ಬಂದಳು. “ಇದನ್ನ ಮುಚ್ಚಿದ್ದು ಯಾರು? ನೀವೇ ಬಂದು ತೆಗೀರಿ. ಇನ್ಯಾರಿಗೂ ಆಗಲ್ಲ.” ಆಮೇಲೆ ಪೋಸ್ಟ್ ಕಡೆ ನೋಡಿ, “ಹೊರಗಿದ್ರೆ ಆಡುತ್ತೆ, ಸೈಕಲ್ಲಿಗೆ ಹಾಕಿ ಬಿಗಿದ್ರೆ ಆಡಲ್ಲ. ಅಷ್ಟೇ ಅಲ್ವಾ?” ಎಂದಳು.

“ಹೂಂ.”

“ಬಿಗಿಯೋದು ಯಾರು?”

ನಾನು ಡಬ್ಬಿ ನೋಡಿದೆ. ಕ್ಲ್ಯಾಂಪ್ ನೋಡಿದೆ. ಅದರ ಮೈಮೇಲೆ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ 5 ಎನ್‌ಎಂ ಎಂದು ಅಚ್ಚಾಗಿತ್ತು. ಐದು ನ್ಯೂಟನ್ ಮೀಟರ್. ಗಿಡ್ಡ ಅಲೆನ್ ಕೀಯಲ್ಲಿ, ಎರಡು ಬೆರಳಲ್ಲಿ, ಸುಮ್ನೆ ಬಿಗಿಯುವಷ್ಟು. ನಾನು ಬಿಗಿದದ್ದು ಬಿಚ್ಚಲು ಪೈಪ್ ಬೇಕಾಗುವಷ್ಟು. ಪೋಸ್ಟಿನ ಹೊರಕೊಳವೆ ತೆಳ್ಳಗಿನ ಅಲ್ಯುಮಿನಿಯಂ. ಕ್ಲ್ಯಾಂಪ್ ಫ್ರೇಮನ್ನು ಹಿಂಡಿದರೆ, ಫ್ರೇಮು ಹೊರಕೊಳವೆಯನ್ನು ಹಿಂಡುತ್ತದೆ, ಅದು ಹೋಗಿ ಒಳಕೊಳವೆಯ ಕತ್ತು ಹಿಡಿಯುತ್ತದೆ. ಒಳಗೆ 250 ಪಿಎಸ್‌ಐ ಗಾಳಿ ಪಾಪ ಎತ್ತಲು ಒದ್ದಾಡುತ್ತಿರುತ್ತದೆ. ಕಾರ್ಟ್ರಿಜ್ ಮೊದಲ ದಿನದಿಂದ ಕೊನೆಯ ದಿನದವರೆಗೂ ಗುಂಡುಕಲ್ಲಿನ ಹಾಗಿತ್ತು.

ಗೆಳೆಯ ಟಾರ್ಕ್ ವ್ರೆಂಚ್ ಹಿಡಿದುಕೊಂಡೇ ಬಂದ. ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ತಿರುಗಿಸಿಟ್ಟರೆ, ಅಲ್ಲಿಗೆ ಮುಟ್ಟಿದ ಕೂಡಲೇ ‘ಕಟಕ್’ ಎನ್ನುವ ಸಲಕರಣೆ ಅದು. 5ಕ್ಕೆ ಇಟ್ಟು ನನ್ನ ಕೈಗೆ ಕೊಟ್ಟ. ತಿರುಗಿಸಿದೆ. ಇನ್ನೂ ಶುರುವೇ ಆಗಿಲ್ಲ ಅನ್ನಿಸುವಷ್ಟರಲ್ಲಿ ‘ಕಟಕ್’.

“ಇಷ್ಟೇನಾ?”

“ಇಷ್ಟೇ.”

“ಇರಲಿ, ಇನ್ನೊಂದು ಸ್ವಲ್ಪ...”

ಗೆಳೆಯನೂ ಹೆಂಡತಿಯೂ ಒಟ್ಟಿಗೆ ನನ್ನ ಕೈ ಹಿಡಿದುಕೊಂಡರು.

ಲಿವರ್ ಒತ್ತಿದೆ. ಠಪ್! ಮಗಳು ಚಪ್ಪಾಳೆ ತಟ್ಟಿದಳು. ಆ ಸಂಜೆ ಪೂರ್ತಿ ಸೈಕಲ್ ಅವಳ ಆಟಿಕೆಯಾಯಿತು. ಅದುಮುವುದು, ಒತ್ತುವುದು, ಠಪ್. ಗೊಂಬೆಯನ್ನು ಸೀಟಿನ ಮೇಲಿಟ್ಟು ಹಾರಿಸಿದ್ದೂ ಆಯಿತು. ಇಷ್ಟು ಕಮ್ಮಿ ಬಿಗಿದರೆ ಪೋಸ್ಟೇ ಫ್ರೇಮಿನೊಳಗೆ ಜಾರಿಬಿಡುತ್ತದೆ ಎಂದು ನನಗೆ ಒಳಗೊಳಗೇ ಆಸೆ ಇತ್ತು. ಜಾರಲಿ, ಆಗ ಹೇಳುತ್ತೇನೆ ಎಂದುಕೊಂಡಿದ್ದೆ. ಮೂರು ಸಲ ಗುಡ್ಡ ಸುತ್ತಿ ಬಂದೆ. ಕೂದಲೆಳೆಯಷ್ಟೂ ಜಾರಲಿಲ್ಲ.

ಕ್ಲ್ಯಾಂಪಿನ ಪಕ್ಕ ಹೆಂಡತಿ ಒಂದು ಬಿಳಿ ಚೀಟಿ ಅಂಟಿಸಿದ್ದಾಳೆ. ದಪ್ಪ ಅಕ್ಷರದಲ್ಲಿ ‘5. ಸಾಕು.’ ಎಂದು ಬರೆದಿದೆ. ಇರಲಿ, ಸೈಕಲ್ಲಿಗೆ ಮಾತ್ರ ತಾನೇ ಎಂದುಕೊಂಡೆ. ನಿನ್ನೆ ಏರು ಹತ್ತಿ ಮುಗಿಸಿ, ಬಾಯಾರಿ, ನೀರಿನ ಬಾಟಲಿ ತೆಗೆದೆ. ಮುಚ್ಚಳದ ಮೇಲೂ ಅಂಥದ್ದೇ ಒಂದು ಚೀಟಿ ಇತ್ತು.