ರಿಕ್ರೂಟರ್‌ಗೆ ಟಾರ್ಗೆಟ್ ಕೊಡುವ ಮುಂಚೆ ಕ್ಯಾಲೆಂಡರ್ ನೋಡಿ

ಹೊಸ ಕ್ವಾರ್ಟರ್ ಶುರುವಾಗುತ್ತಿದ್ದಂತೆ ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳ ಎಚ್‌ಆರ್ ಮೀಟಿಂಗ್‌ಗಳಲ್ಲಿ ಕೇಳುವ ಮಾತು: "ಈ ಸಲ ಒಬ್ಬೊಬ್ಬರಿಗೂ ಹನ್ನೆರಡು ಜಾಯಿನಿಂಗ್ ಟಾರ್ಗೆಟ್." ಆ ಹನ್ನೆರಡು ಎಲ್ಲಿಂದ ಬಂತು ಅಂತ ವಿಚಾರಿಸಿ ನೋಡಿ. ಹೋದ ವರ್ಷ ಹತ್ತು ಇತ್ತು, ಈ ವರ್ಷ ಎರಡು ಸೇರಿಸಿದರು, ಅಷ್ಟೇ. ರಿಕ್ರೂಟರ್ ಕೈಯಲ್ಲಿ ಏನಿದೆ, ಏನಿಲ್ಲ ಅಂತ ಯಾರೂ ಕೂತು ಲೆಕ್ಕ ಹಾಕಿರುವುದಿಲ್ಲ. ನನ್ನ ಪ್ರಕಾರ ನೇಮಕಾತಿ ಹಳಿ ತಪ್ಪುವುದು ಇಲ್ಲೇ.

ಇಲ್ಲಿ ಅನುಭವ ಇರುವ ಇಂಜಿನಿಯರ್‌ಗಳಿಗೆ 60 ಅಥವಾ 90 ದಿನಗಳ ನೋಟಿಸ್ ಪೀರಿಯಡ್ ಮಾಮೂಲು. ಏಪ್ರಿಲ್ 1ಕ್ಕೆ ಪೊಸಿಷನ್ ಓಪನ್ ಆಯಿತು ಅಂದುಕೊಳ್ಳಿ. ಹುಡುಕಾಟಕ್ಕೆ ಮೂರು ವಾರ, ಇಂಟರ್‌ವ್ಯೂಗಳಿಗೆ ಎರಡು ವಾರ, ಸಂಬಳದ ಮಾತುಕತೆ, ಅಪ್ರೂವಲ್, ಆಫರ್ ಲೆಟರ್ ಸೇರಿ ಒಂದು ವಾರ. ಎಲ್ಲವೂ ಸುಸೂತ್ರವಾಗಿ ನಡೆದರೂ ಮೇ ಮಧ್ಯಭಾಗ ಬಂತು. ಆಗ ರಾಜೀನಾಮೆ ಕೊಟ್ಟು 90 ದಿನ ಕಳೆದು ಅವರು ಬಂದು ಸೇರುವುದು ಆಗಸ್ಟ್ ಮಧ್ಯಕ್ಕೆ. ಹೀಗಿರುವಾಗ ಏಪ್ರಿಲ್‌ನಲ್ಲಿ ನಿಂತು ಜೂನ್‌ ಒಳಗಿನ ಜಾಯಿನಿಂಗ್ ಕೇಳಿದರೆ ರಿಕ್ರೂಟರ್ ಏನು ಮಾಡುತ್ತಾರೆ? ನೌಕರಿ ಡಾಟ್ ಕಾಮ್ ಅನ್ನುವ ಉದ್ಯೋಗ ತಾಣದಲ್ಲಿ "15 ದಿನದೊಳಗೆ ಸೇರಬಲ್ಲವರು" ಅನ್ನುವ ಫಿಲ್ಟರ್ ಹಾಕುತ್ತಾರೆ. ಕೆಲಸಕ್ಕೆ ಸರಿಯಾಗಿ ಹೊಂದುವವರು ನೋಟಿಸ್ ಉದ್ದ ಅನ್ನುವ ಒಂದೇ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಆದ್ದರಿಂದ ಈ ಕ್ವಾರ್ಟರ್‌ನ ಗುರಿ "ಜೂನ್ 15ರೊಳಗೆ ಇಷ್ಟು ಜನ ಆಫರ್ ಒಪ್ಪಿರಬೇಕು" ಅಂತಿರಲಿ. ಜಾಯಿನಿಂಗ್ ಮುಂದಿನ ಕ್ವಾರ್ಟರ್‌ನ ಲೆಕ್ಕ.

ಆಮೇಲೆ ಹಿಂದಿನಿಂದ ಗುಣಿಸುತ್ತಾ ಬನ್ನಿ. ನಾಲ್ಕು ಬ್ಯಾಕ್‌ಎಂಡ್ ಇಂಜಿನಿಯರ್‌ಗಳು ಬೇಕು. ಒಪ್ಪಿಕೊಂಡ ಮೂವರಲ್ಲಿ ಒಬ್ಬರು ಕೈ ಕೊಡುತ್ತಾರೆ ಅಂತಿಟ್ಟುಕೊಂಡರೆ ಆರು ಒಪ್ಪಿಗೆ ಬೇಕು. ನಾಲ್ಕು ಆಫರ್‌ಗೆ ಮೂರು ಒಪ್ಪಿಗೆಯಾದರೆ ಎಂಟು ಆಫರ್. ಫೈನಲ್ ರೌಂಡ್‌ನಲ್ಲಿ ಮೂವರಿಗೊಬ್ಬರು ಪಾಸಾದರೆ ಅಲ್ಲಿಗೆ 24 ಜನ ತಲುಪಬೇಕು. ಮೊದಲ ಟೆಕ್ನಿಕಲ್ ರೌಂಡ್‌ಗೂ ಅದೇ ಅನುಪಾತವಾದರೆ 72. ಫೋನ್ ಸ್ಕ್ರೀನಿಂಗ್‌ನಲ್ಲಿ ಅರ್ಧ ಜನ ಉಳಿದರೆ 144 ಕರೆ. ಈ ಅನುಪಾತಗಳು ಉದಾಹರಣೆಗಷ್ಟೇ, ನಿಮ್ಮ ಕಂಪನಿಯ ಕಳೆದ ಆರು ತಿಂಗಳ ಅಂಕಿಗಳನ್ನು ಹಾಕಿಕೊಳ್ಳಿ. ಕರೆ 20 ನಿಮಿಷ, ನೋಟ್ಸ್ ಬರೆಯಲು 10 ನಿಮಿಷ ಅಂದರೆ ಒಟ್ಟು 72 ಗಂಟೆ. ಮೂರು ವಾರದ 15 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಐದು ಗಂಟೆಗೆ ಸ್ವಲ್ಪ ಕಡಿಮೆ. ಫೋನ್ ಎತ್ತದವರು, "ಸಂಜೆ ಮಾಡಿ" ಅಂದವರು ಇದರಲ್ಲಿ ಸೇರಿಲ್ಲ. ಇಂಥ ಐದು ರೋಲ್ ಒಬ್ಬರ ತಲೆಗೆ ಕಟ್ಟಿದರೆ ದಿನಕ್ಕೆ 24 ಗಂಟೆ ಬರೀ ಕರೆಗೇ ಬೇಕು. ಅಷ್ಟು ಹೊರಲಾಗದೆ ರಿಕ್ರೂಟರ್ ಸ್ಕ್ರೀನಿಂಗ್ ಮೊಟಕುಗೊಳಿಸುತ್ತಾರೆ, ಪ್ರೊಫೈಲ್ ಹಾಗೇ ತಳ್ಳುತ್ತಾರೆ, ಇಂಟರ್‌ವ್ಯೂ ಮಾಡುವ ಪ್ಯಾನೆಲ್‌ನವರು ಬೈಯುತ್ತಾರೆ. ಇದರಲ್ಲಿ ಆಲಸ್ಯದ ಮಾತೇ ಇಲ್ಲ, ಟಾರ್ಗೆಟ್ ಕೊಟ್ಟವರು ಗುಣಾಕಾರ ಮಾಡಿಲ್ಲ.

ಇದೇ ಗುಣಾಕಾರದ ಇನ್ನೊಂದು ಮುಖ ಹೈರಿಂಗ್ ಮ್ಯಾನೇಜರ್‌ದು, ಅಂದರೆ ತಮ್ಮ ತಂಡಕ್ಕೆ ಜನ ಬೇಕೆಂದು ಕೇಳಿದವರದು. ಮೊದಲ ರೌಂಡ್ ತಲಾ ಒಂದು ಗಂಟೆಯಂತೆ 72 ಗಂಟೆ, ಫೈನಲ್ ತಲಾ ಎರಡು ಗಂಟೆಯಂತೆ 48, ಒಟ್ಟು 120 ಗಂಟೆ. ಆರು ಜನರ ಪ್ಯಾನೆಲ್ ಇದ್ದರೆ ಒಬ್ಬೊಬ್ಬರಿಂದ 20 ಗಂಟೆ. ಸ್ಪ್ರಿಂಟ್ (ಗಡುವು ಹಾಕಿಕೊಂಡ ಕೆಲವು ವಾರಗಳ ಕೆಲಸದ ಸುತ್ತು) ನಡುವೆ ಆ ಸಮಯ ತಾನಾಗಿ ಸಿಗುವುದಿಲ್ಲ, ಮೊದಲೇ ಸ್ಲಾಟ್ ಬ್ಲಾಕ್ ಮಾಡಿಸಬೇಕು. ಒಳ್ಳೆಯ ಗುರಿಗೆ ಇರಬೇಕಾದ ಐದು ಅಂಶಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ, ಎಲ್ಲರ ಬಾಯಲ್ಲಿರುವ "ಸ್ಮಾರ್ಟ್" ಸೂತ್ರವನ್ನು 1981ರಲ್ಲಿ ಜಾರ್ಜ್ ಡೋರನ್ ಬರೆದಾಗ, ಈ ಕೆಲಸ ಯಾರದ್ದು ಅಂತ ಗೊತ್ತುಮಾಡುವುದು ಅದರ ಐದು ಅಂಶಗಳಲ್ಲಿ ಒಂದಾಗಿತ್ತು. ಈಗಿನ ಸ್ಲೈಡ್‌ಗಳಲ್ಲಿ ಸಾಮಾನ್ಯವಾಗಿ ಅದು ಕಾಣುವುದಿಲ್ಲ, ಆ ಜಾಗಕ್ಕೆ "ಸಾಧಿಸಬಹುದಾದದ್ದು" ಬಂದು ಕೂತಿದೆ. ನೇಮಕಾತಿಗೆ ಬೇಕಾಗಿರುವುದು ಆ ಹಳೆಯ ಅಂಶವೇ. ಪ್ರೊಫೈಲ್ ಬಂದ ಎರಡು ಕೆಲಸದ ದಿನದೊಳಗೆ ಹೌದು ಅಥವಾ ಇಲ್ಲ, ಇಂಟರ್‌ವ್ಯೂ ಆದ ದಿನವೇ ಫೀಡ್‌ಬ್ಯಾಕ್. ಇವೆರಡೂ ಮ್ಯಾನೇಜರ್‌ನ ಗುರಿಗಳು, ಅವರ ಅಪ್ರೈಸಲ್‌ನಲ್ಲೇ ಇರಬೇಕು. ತೀರ್ಮಾನವಾಗದ ಪ್ರೊಫೈಲ್ ಹತ್ತು ದಾಟಿದರೆ ರಿಕ್ರೂಟರ್ ಆ ರೋಲ್ ಬದಿಗಿಟ್ಟು ಬೇರೆಯದಕ್ಕೆ ಹೋಗಬಹುದು ಅನ್ನುವ ನಿಯಮವನ್ನೂ ಬರೆದಿಡಿ.

ಹುಡುಕಾಟಕ್ಕೆ ಮುಂಚೆ 45 ನಿಮಿಷ ಮ್ಯಾನೇಜರ್ ಜೊತೆ ಕೂರಲೇಬೇಕು. ಕಡ್ಡಾಯವಾಗಿ ಬೇಕಾದ ಸ್ಕಿಲ್ ನಾಲ್ಕಕ್ಕಿಂತ ಹೆಚ್ಚು ಬೇಡ. ಸಂಬಳದ ಮೇಲಿನ ಮಿತಿ, ಯಾವ ರೌಂಡ್‌ನಲ್ಲಿ ಯಾರು ಏನು ಕೇಳುತ್ತಾರೆ, ಸೇರಿದವರು ಮೊದಲ 90 ದಿನದಲ್ಲಿ ಮುಗಿಸಬೇಕಾದ ಮೂರು ಕೆಲಸ, ಇಷ್ಟೂ ಕಾಗದದ ಮೇಲೆ ಬರಲಿ.

ದಿನಕ್ಕೆ ಇಪ್ಪತ್ತು ಪ್ರೊಫೈಲ್ ಅನ್ನುವ ಟಾರ್ಗೆಟ್ ಮಾತ್ರ ದಯವಿಟ್ಟು ಬೇಡ. ಇಪ್ಪತ್ತು ಬರುತ್ತವೆ, ಕೆಲಸಕ್ಕೆ ಬರುವುದು ಎರಡು. ಅದರ ಬದಲು ಕಳಿಸಿದ ಪ್ರೊಫೈಲ್‌ಗಳಲ್ಲಿ ಎಷ್ಟು ಮೊದಲ ರೌಂಡ್‌ಗೆ ಹೋದವು ಅಂತ ಅಳೆಯಿರಿ. "30 ದಿನದಲ್ಲಿ ಕ್ಲೋಸ್" ಅನ್ನುವುದರ ಕಥೆಯೂ ಅಷ್ಟೇ: ಪೊಸಿಷನ್‌ಗಳು ಸಿಸ್ಟಮ್‌ನಲ್ಲಿ ತಡವಾಗಿ ಓಪನ್ ಆಗುತ್ತವೆ, ಕಷ್ಟದವು "ಹೋಲ್ಡ್"ಗೆ ಹೋಗುತ್ತವೆ, ರಿಪೋರ್ಟ್ ಹಸಿರಾಗಿರುತ್ತದೆ. ಅವಸರಕ್ಕೆ ಏಜೆನ್ಸಿ ಹಿಡಿದರೆ ವಾರ್ಷಿಕ ಸಿಟಿಸಿಯ (ಒಟ್ಟು ಸಂಬಳದ ಪ್ಯಾಕೇಜ್) 8.33% ಸಾಮಾನ್ಯ ದರ, 24 ಲಕ್ಷದ ಪ್ಯಾಕೇಜ್‌ಗೆ ಎರಡು ಲಕ್ಷ. ರೆಫರಲ್‌ನಿಂದ, ಅಂದರೆ ನಮ್ಮ ಉದ್ಯೋಗಿಗಳೇ ಸೂಚಿಸಿ, ಎಷ್ಟು ಜನ ಬರಬೇಕು ಅನ್ನುವ ಗುರಿಯೂ ಇದ್ದರೆ ಈ ಖರ್ಚು ಹಿಡಿತದಲ್ಲಿರುತ್ತದೆ.

ನಮ್ಮೂರಲ್ಲಿ ಅತಿ ಹೆಚ್ಚು ಸೋರುವುದು ಆಫರ್ ಮತ್ತು ಜಾಯಿನಿಂಗ್ ನಡುವಿನ ಮೂರು ತಿಂಗಳಲ್ಲಿ. ಆ ಅವಧಿಯಲ್ಲಿ ಕ್ಯಾಂಡಿಡೇಟ್‌ಗೆ ಬೇರೆ ಆಫರ್ ಬಂದೇ ಬರುತ್ತದೆ. ಸೇರಲಿಲ್ಲ ಅಂತ ರಿಕ್ರೂಟರ್‌ನ ಅಂಕ ಕತ್ತರಿಸುವುದರಿಂದ ಏನೂ ಬದಲಾಗುವುದಿಲ್ಲ. ಅವರು ಮಾಡಬಲ್ಲದ್ದನ್ನು ಗುರಿಯಾಗಿಸಿ: ಒಪ್ಪಿದ ಮೂರು ದಿನದೊಳಗೆ ರಾಜೀನಾಮೆ ಸ್ವೀಕೃತವಾದ ಮೇಲ್ ತರಿಸಿಕೊಳ್ಳುವುದು, ಹತ್ತು ದಿನಕ್ಕೊಮ್ಮೆ ಕರೆ, 30ನೇ ದಿನ ಮುಂದಿನ ಮ್ಯಾನೇಜರ್ ಜೊತೆ ಅರ್ಧ ಗಂಟೆ ಮಾತು, ನೋಟಿಸ್ ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ಹಣ ಕಟ್ಟಿ ಬೇಗ ಬಿಡಿಸಿಕೊಳ್ಳುವುದು) ಸಾಧ್ಯವೇ ಅಂತ 45ನೇ ದಿನದೊಳಗೆ ತೀರ್ಮಾನ, ಕೊನೆಯ 15 ದಿನದಲ್ಲಿ ಲ್ಯಾಪ್‌ಟಾಪ್ ಮತ್ತು ಡಾಕ್ಯುಮೆಂಟ್. ಮೇಲ್ ಬರಲಿಲ್ಲ, ಎರಡು ಕರೆ ಎತ್ತಲಿಲ್ಲ ಅಂದರೆ ಆ ಸೀಟು ಖಾಲಿ ಅಂತಲೇ ತಿಳಿದು ಎರಡನೇ ಕ್ಯಾಂಡಿಡೇಟ್‌ನ ಬಾಗಿಲು ತಟ್ಟಿ.

ಅದಕ್ಕೂ ಮೊದಲು, ಮೊದಲ ಕರೆಯಲ್ಲೇ ಕೇಳಬೇಕಾದ್ದು ಮನೆ ಯಾವ ಏರಿಯಾ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬಲ್ಲಿರಿ ಅಂತ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಗಿ ತೆರೆದ ಮೇಲೆ ವಿಜಯನಗರದವರಿಗೆ ವೈಟ್‌ಫೀಲ್ಡ್ ಕೆಲಸ ಒಪ್ಪುವುದು ಸುಲಭವಾಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿ ಜಯನಗರದ ಕಡೆಯವರಿಗೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರವಾಯಿತು. ಔಟರ್ ರಿಂಗ್ ರೋಡ್‌ನ ಆಫೀಸ್ ಆದರೆ ಬೆಳಿಗ್ಗೆಯ ಟ್ರಾಫಿಕ್ ವಿಷಯ ಬಚ್ಚಿಡದೆ ಹೇಳಿ. ಮದುವೆ, ಮಕ್ಕಳ ವಿಚಾರ ಮಾತ್ರ ಕೇಳಬೇಡಿ, ಅದು ನಮಗೆ ಸಂಬಂಧಿಸಿದ್ದಲ್ಲ.

ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಬೇಕಾದರೆ ಕನ್ನಡದಲ್ಲಿ ಫೋನ್ ಮಾಡಬೇಕು, ಮೇಲ್ ನೋಡಿಕೊಂಡು ಕೂರುವವರು ಅಲ್ಲಿಲ್ಲ. ಶಿಫ್ಟ್, ಓಟಿ, ಕ್ಯಾಂಟೀನ್, ಪಿಎಫ್ ಎಲ್ಲ ಫೋನಿನಲ್ಲೇ ಸ್ಪಷ್ಟವಾಗಿ ಹೇಳಬೇಕು. ಅಲ್ಲಿ ಅಳೆಯಬೇಕಾದ್ದು ಕರೆದವರಲ್ಲಿ ವಾಕ್‌ಇನ್‌ಗೆ ಬಂದವರೆಷ್ಟು, ಮೊದಲ ಸಂಬಳದ ನಂತರವೂ ಉಳಿದವರೆಷ್ಟು ಅಂತ.

ಇನ್ನೊಂದು ಗುರಿಯ ಬಗ್ಗೆ ನನಗೆ ಬಹಳ ಕಾಳಜಿ. ಇಂಟರ್‌ವ್ಯೂಗೆ ಬಂದ ಪ್ರತಿಯೊಬ್ಬರಿಗೂ ಐದು ಕೆಲಸದ ದಿನದೊಳಗೆ ಉತ್ತರ ಹೋಗಬೇಕು, "ಆಗಲಿಲ್ಲ" ಅಂತಾದರೂ. ರಜೆ ಹಾಕಿ ಮೂರು ರೌಂಡ್ ಕೊಟ್ಟವರನ್ನು ಮಾತಿಲ್ಲದೆ ಬಿಟ್ಟುಬಿಡುವ ಊರಿನಲ್ಲಿ, ಆಫರ್ ಒಪ್ಪಿಕೊಂಡವರು ಫೋನ್ ಸ್ವಿಚ್ ಆಫ್ ಮಾಡಿದರೆ ಸಿಟ್ಟು ಮಾಡಿಕೊಳ್ಳಲು ನಮಗೆ ಮುಖವಿಲ್ಲ. ಇದು ಪೂರ್ತಿ ರಿಕ್ರೂಟರ್ ಕೈಯಲ್ಲಿರುವ ಕೆಲಸ, ಹಾಗಾಗಿ ಇದರಲ್ಲಿ ನೂರಕ್ಕೆ ನೂರು ಕೇಳಿ.

ಅಪ್ರೈಸಲ್ ವೇಳೆಗೆ ಜಾಯಿನಿಂಗ್ ಸಂಖ್ಯೆಯ ತೂಕ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಉಳಿದದ್ದು ಪ್ರೊಫೈಲ್‌ನ ಗುಣಮಟ್ಟ, ಆಫರ್ ನಂತರದ ಸಂಪರ್ಕ, ಉತ್ತರ ಕೊಟ್ಟ ವೇಗ, ಸೇರಿದವರು ಮೊದಲ 90 ದಿನಕ್ಕೆ ಬರೆದಿಟ್ಟ ಆ ಮೂರು ಕೆಲಸ ಮುಗಿಸಿದರೇ ಅನ್ನುವುದಕ್ಕೆ ಹೋಗಲಿ. 90 ದಿನದೊಳಗೆ ಯಾರಾದರೂ ಬಿಟ್ಟರೆ ಕಾರಣ ಕೇಳಿ ಬರೆದಿಡಿ. ಹೇಳಿದ ಕೆಲಸವೇ ಬೇರೆ, ಕೊಟ್ಟ ಕೆಲಸವೇ ಬೇರೆ ಅಂತಾದರೆ ಆ ಅಂಕ ಕಳೆಯಬೇಕಾದ್ದು ಮ್ಯಾನೇಜರ್ ಖಾತೆಯಿಂದ.