‘ಇನ್ನೊಂದು ನಾಯಿ ತಂದ್ರಾಯ್ತು’ ಅನ್ನುವವರಿಗೆ

ಕೆಂಪಿ ಹೋಗಿ ನಾಲ್ಕು ತಿಂಗಳಾಯಿತು. ಅವತ್ತಿನಿಂದ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. "ಬೇಜಾರು ಮಾಡ್ಕೋಬೇಡಿ, ಇನ್ನೊಂದು ನಾಯಿ ತಂದ್ರಾಯ್ತು." ಹೇಳಿದವರು ಕೆಟ್ಟವರಲ್ಲ, ನನ್ನ ಮೇಲಿನ ಪ್ರೀತಿಗೇ ಹೇಳಿದವರು. ಆದರೂ ಪ್ರತಿ ಸಲ ಚುಚ್ಚುತ್ತದೆ. ಯಾಕೆ ಅಂತ ಒಂದು ಸಲ ಬಿಡಿಸಿ ಹೇಳಬೇಕು ಅನಿಸಿತು.

ಕೆಂಪಿ ಜಾತಿ ನಾಯಿ ಅಲ್ಲ. ಒಂದು ಮಳೆಗಾಲದ ಸಂಜೆ ನಮ್ಮ ಬೀದಿಯ ಮೋರಿ ಪಕ್ಕ ನೆನೆದು ನಡುಗುತ್ತಿದ್ದ ಅಂಗೈ ಅಗಲದ ಮರಿ. 11 ವರ್ಷ ನಮ್ಮ ಜೊತೆ ಇದ್ದಳು. ಮನೆಯವರ ಸ್ಕೂಟರ್ ಸದ್ದು ಬೀದಿಯ ತಿರುವಿನಲ್ಲಿರುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ಬೇರೆ ಹತ್ತು ಸ್ಕೂಟರ್ ಹೋದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಮೊಸರಿನ ಡಬ್ಬಿಯ ಮುಚ್ಚಳ ತೆಗೆದರೆ ಮಾತ್ರ ಎಂಥ ನಿದ್ದೆಯಿಂದಲೂ ಎದ್ದು ಬರುತ್ತಿದ್ದಳು. ನನ್ನ ಮಗ ಒಂದನೇ ಕ್ಲಾಸಿನಲ್ಲಿ ನಮ್ಮ ಮುಂದೆ ಓದಲು ನಾಚುತ್ತಿದ್ದ. ಅವಳ ಹೊಟ್ಟೆಗೆ ತಲೆ ಒರಗಿಸಿಕೊಂಡು ಅವಳಿಗೆ ಪಾಠ ಓದಿ ಹೇಳುತ್ತಿದ್ದ. ಚಳಿಗಾಲದಲ್ಲಿ ಹಾಲ್‌ನ ನೆಲದ ಮೇಲೆ ಬೀಳುವ ಬಿಸಿಲು ಸರಿದ ಹಾಗೆ ತಾನೂ ಸರಿಯುತ್ತಾ, ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಅಂಟಿಕೊಂಡು ಮಲಗಿರುತ್ತಿದ್ದಳು.

ನನಗೆ ನಮ್ಮ ಬೀದಿಯನ್ನು ಪರಿಚಯ ಮಾಡಿಸಿದ್ದೂ ಅವಳೇ. ದಿನಾ ಬೆಳಿಗ್ಗೆ ಐದೂವರೆಗೆ ಅವಳ ಜೊತೆ ಹೊರಟೇ ಹಾಲಿನ ಬೂತಿನವರು, ಪೇಪರ್ ಹುಡುಗರು, ಹೂವಿನಮ್ಮ ಎಲ್ಲರೂ ಗೊತ್ತಾದರು. ಅವರಿಗೆ ನನ್ನ ಹೆಸರು ಗೊತ್ತಿಲ್ಲ. ನಾನು 'ಕೆಂಪಿ ಅಮ್ಮ'. ಅವಳು ಹೋದ ವಾರ ಹೂವಿನಮ್ಮ "ಎಲ್ಲಿ ಕೆಂಪಿ?" ಅಂದರು. ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಒಂದು ಮೊಳ ಮಲ್ಲಿಗೆ ಎಲೆಯಲ್ಲಿ ಸುತ್ತಿ ಕೈಗಿಟ್ಟರು, ದುಡ್ಡು ಬೇಡ ಅಂದರು. ಇನ್ನೊಂದು ತನ್ನಿ ಅನ್ನದೇ ಇದ್ದವರಲ್ಲಿ ಅವರೊಬ್ಬರು.

ಕಷ್ಟವೂ ಇತ್ತು, ಇಲ್ಲ ಅನ್ನಲ್ಲ. 11 ವರ್ಷದಲ್ಲಿ ನಾನೂ ಮನೆಯವರೂ ಜೊತೆಯಾಗಿ ಒಂದು ಮದುವೆಗೆ ಹೋಗಿ ರಾತ್ರಿ ಉಳಿದಿದ್ದಿಲ್ಲ. ಬಾಡಿಗೆ ಮನೆ ಹುಡುಕುವಾಗ "ನಾಯಿ ಇದೆಯಾ? ಹಾಗಾದ್ರೆ ಇಲ್ಲ" ಅಂತ ಎಷ್ಟೋ ಗೇಟಿನಿಂದ ವಾಪಸ್ ಬಂದಿದ್ದೇವೆ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಬಾಡಿಗೆಗೆ ಕೊಡುವ ಮಾಲೀಕರ ಮನಸ್ಸು ಯಾವ ಸುತ್ತೋಲೆಯಿಂದಲೂ ಬದಲಾಗಲ್ಲ. ದೀಪಾವಳಿಯ ಮೂರು ರಾತ್ರಿ ನಾನು ಬಚ್ಚಲುಮನೆಯಲ್ಲೇ ಕೂತಿರುತ್ತಿದ್ದೆ. ಪಟಾಕಿ ಸದ್ದಿಗೆ ಅವಳು ನಡುಗುವುದು ನಿಲ್ಲುತ್ತಿದ್ದದ್ದು ಅಲ್ಲಿ ಮಾತ್ರ. ಮೂರನೇ ವರ್ಷ ಉಣ್ಣಿ ಕಚ್ಚಿ ಟಿಕ್ ಫೀವರ್ ಬಂತು. ಊಟ ಬಿಟ್ಟಳು, ಒಸಡು ಬಿಳಿಚಿಕೊಂಡಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದ್ದೆವು. ನಾಯಿ ಇರುವವರು ವಾರಕ್ಕೊಮ್ಮೆ ಅದರ ಕಿವಿ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ದಯವಿಟ್ಟು ನೋಡಿ.

ನನ್ನನ್ನು ಈಗಲೂ ಸುಡುವುದು ಕೊನೆಯ ವರ್ಷ.

ನಮ್ಮ ಅತ್ತೆ ಕೆಂಪಿಯನ್ನು ಮುಟ್ಟುತ್ತಿರಲಿಲ್ಲ. ಮಡಿ. ಅವಳೂ ಅದನ್ನು ತಿಳಿದುಕೊಂಡು ದೇವರ ಮನೆಯ ಹೊಸ್ತಿಲಿಂದ ನಾಲ್ಕಡಿ ದೂರ ಮಲಗುತ್ತಿದ್ದಳು. ಆದರೆ ದ್ರಾಕ್ಷಿ ನಾಯಿಯ ಕಿಡ್ನಿಗೆ ಆಗಲ್ಲ ಅಂತ ಡಾಕ್ಟರ್ ಹೇಳಿದ್ದು ಕಿವಿಗೆ ಬಿದ್ದ ದಿನದಿಂದ ಅತ್ತೆ ಪಾಯಸಕ್ಕೆ ಒಣದ್ರಾಕ್ಷಿ ಹಾಕುವುದನ್ನೇ ಬಿಟ್ಟರು. ಕಳೆದ ಬೇಸಿಗೆಯಲ್ಲಿ ಅವರೇ ಒಂದು ದಿನ, "ಇದ್ಯಾಕೆ ಇಷ್ಟೊಂದು ನೀರು ಕುಡೀತಿದೆ? ಬೆಳಗಿಂದ ಮೂರು ಸಲ ಬಟ್ಟಲು ತುಂಬಿಸಿದೆ" ಅಂದರು. ಸೆಕೆಗೆ ಇರಬೇಕು ಅತ್ತೆ ಅಂದೆ. ಇನ್ನೊಂದು ಸಲವೂ ಹೇಳಿದರು. ಅವತ್ತೂ ಅದೇ ಉತ್ತರ ಕೊಟ್ಟೆ.

ಸೆಕೆ ಅಲ್ಲ, ಕಿಡ್ನಿ. ವಯಸ್ಸಾದ ನಾಯಿ ಇದ್ದಕ್ಕಿದ್ದ ಹಾಗೆ ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ದರೆ ಅದು ಕಿಡ್ನಿ ಕಾಯಿಲೆಯ ಮೊದಲ ಗುರುತಿರಬಹುದು. ಆ ಗುರುತು ಕಾಣುವ ಹೊತ್ತಿಗೇ ಕಿಡ್ನಿಯ ಶಕ್ತಿ ಮೂರರಲ್ಲಿ ಎರಡು ಪಾಲು ಹೋಗಿರುತ್ತದಂತೆ. ಬೇಗ ಗೊತ್ತಾದರೆ ಪಥ್ಯ ಮಾಡಿ, ಔಷಧಿ ಕೊಟ್ಟು ಇನ್ನಷ್ಟು ದಿನ ಇಟ್ಟುಕೊಳ್ಳಬಹುದು. ಏಳೆಂಟು ವರ್ಷ ದಾಟಿದ ನಾಯಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ನಾನು ಮಾಡಿಸಿರಲಿಲ್ಲ.

ಕೊನೆಯ ಮೂರು ವಾರ ದಿನಾ ಡ್ರಿಪ್. ಆಮೇಲೆ ಡಾಕ್ಟರ್ ಮೆಲ್ಲಗೆ, "ಇಂಜೆಕ್ಷನ್ ಕೊಟ್ಟು ಮಲಗಿಸಬಹುದು, ನೀವು ಹೇಳಬೇಕು" ಅಂದರು. ನನ್ನ ಬಾಯಿಂದ ಹೂಂ ಬರಲಿಲ್ಲ. ಮನೆಗೆ ಕರೆದುಕೊಂಡು ಬಂದೆವು. ಇನ್ನೂ ಎರಡು ದಿನ ನರಳಿದಳು. ಆ ಎರಡು ದಿನ ಅವಳಿಗೆ ಬೇಕಿರಲಿಲ್ಲ, ನನಗೆ ಬೇಕಿತ್ತು. ಈಗ ಯಾರಾದರೂ ಕೇಳಿದರೆ ಹೂಂ ಅಂತೇನೆ. ಕೊನೆಯ ರಾತ್ರಿ ಅತ್ತೆ ಹತ್ತಿರ ಬಂದು ನೆಲದ ಮೇಲೆ ಕೂತರು. ತುಳಸಿ ನೀರನ್ನು ಚಮಚದಲ್ಲಿ ಅವಳ ಬಾಯಿಗೆ ಬಿಟ್ಟು, ತಲೆ ಸವರಿದರು. 11 ವರ್ಷದಲ್ಲಿ ಮೊದಲ ಸಲ.

ಬೆಂಗಳೂರಿನಲ್ಲಿ ನಮಗೆ ಒಂದಡಿ ಮಣ್ಣಿಲ್ಲ. ಬೆಳಗಿನ ಜಾವವೇ ಮದ್ದೂರಿನ ಹತ್ತಿರದ ನನ್ನ ಸೋದರಮಾವನ ತೋಟಕ್ಕೆ ಕರೆದುಕೊಂಡು ಹೋದೆವು. ಸುಮಾರು 80 ಕಿಲೋಮೀಟರ್. ಮಾವ ಆಗಲೇ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿಸಿದ್ದರು. ಆಳುಗಳ ಮುಂದೆ ನಾಯಿಗೋಸ್ಕರ ಅಳುವುದಾ ಅಂತ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಮಾವ ಅದನ್ನು ನೋಡಿ, "ಅಳವ್ವ, ಯಾಕೆ ತಡ್ಕತೀಯ? ಇಲ್ಲೇ ಆತಕೂರಲ್ಲಿ ನಾಯಿಗೆ ಕಲ್ಲು ನಿಲ್ಸಿದ್ರು ಕಣವ್ವ, ಸಾವಿರ ವರ್ಸದಿಂದೆ" ಅಂದರು.

ಆ ಕಲ್ಲನ್ನು ನಾನು ಶಾಲೆಯಲ್ಲಿದ್ದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ನೋಡಿದ್ದೆ. ಮರೆತೇಹೋಗಿತ್ತು. ಕ್ರಿ.ಶ. 949–50ರ ಕಾಲದ್ದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೇರ ಅನ್ನುವ ವೀರನಿಗೆ ಗಂಗ ದೊರೆ ಇಮ್ಮಡಿ ಬೂತುಗ 'ಏನು ಬೇಕೋ ಕೇಳು' ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅವಳ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ದಾನ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಉಣ್ಣಬಾರದು ಅಂತಲೂ ಬರೆಸಿದರು. ದೊರೆಯ ಹತ್ತಿರ ಮಣಲೇರನಿಗೆ ಇನ್ನೊಂದು ನಾಯಿ ಸಿಗುತ್ತಿರಲಿಲ್ಲವಾ? ಬೇಕಾದಷ್ಟು ಸಿಗುತ್ತಿತ್ತು. ಅವನಿಗೆ ಬೇಕಿದ್ದದ್ದು ಕಾಳಿ.

ನಾಳೆ ನಾವು ಇನ್ನೊಂದು ಮರಿ ತರಬಹುದು, ತರದೆಯೂ ಇರಬಹುದು. ಮಗ ಇನ್ನೂ ಕೇಳಿಲ್ಲ. ತಂದರೆ ಅದಕ್ಕೆ ಅದರದೇ ಹೆಸರು ಇರುತ್ತದೆ, ಅದರದೇ ಬಟ್ಟಲು ಇರುತ್ತದೆ. ನಿಮ್ಮ ಪರಿಚಯದವರ ಮನೆಯಲ್ಲಿ ನಾಯಿಯೋ ಬೆಕ್ಕೋ ತೀರಿಕೊಂಡರೆ ದಯವಿಟ್ಟು ಇನ್ನೊಂದರ ಮಾತು ತೆಗೆಯಬೇಡಿ. ಹೋದದ್ದರ ಬಗ್ಗೆ ಕೇಳಿ. ಹೇಗಿತ್ತು, ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು ಅಂತ ಕೇಳಿ. ಹೇಳುವುದಕ್ಕೆ ಅವರ ಹತ್ತಿರ ಬಹಳ ಇರುತ್ತದೆ.

ಮೊನ್ನೆ ಊರಿಗೆ ಹೋದಾಗ ತೋಟಕ್ಕೆ ಹೋದೆ. ನರಿಗಿರಿ ಕೆದಕದಿರಲಿ ಅಂತ ಮಾವ ಅವತ್ತು ಅಲ್ಲಿ ನಮ್ಮಜ್ಜಿಯ ಹಳೇ ಒರಳುಕಲ್ಲು ಇಡಿಸಿದ್ದರು. ಅದರ ಕುಳಿಯಲ್ಲಿ ಒಂದು ಕೆಂಪು ದಾಸವಾಳ ಇತ್ತು. ಅವತ್ತು ಬೆಳಿಗ್ಗೆ ಕಿತ್ತದ್ದು, ಇನ್ನೂ ಬಾಡಿರಲಿಲ್ಲ. ನಾನು ಕೇಳಲಿಲ್ಲ. ಮಾವ "ಬಾವ್ವ, ಊಟ ಮಾಡನ" ಅಂತ ಮನೆ ಕಡೆ ಹೊರಟರು.