ವಾಚ್ ಬಿಚ್ಚಬ್ಯಾಡ್ರಿ, ಮೊದಲ ಇಸಿಜಿ ಪಟ್ಟಿ ತಗೀರಿ

ಇವತ್ತ ಮುಂಜಾನೆ ಗೋಳಗುಮ್ಮಟದ ತೋಟದಾಗ ನೋಡಿದ್ದು ಇನ್ನೂ ಹೊಟ್ಯಾಗ ಕುದೀಲಿಕತ್ತದ. ವಾಕಿಂಗ್ ಮುಗಿಸಿ ಕೂತಿದ್ದ ಹಿರಿಯರೊಬ್ಬರ ವಾಚಿನ್ಯಾಗ ಎದಿ ಬಡಿತ ಏರುಪೇರಾಗ್ಯದ ಅಂತ ಸೂಚನಾ ಬಂತು. ಬಾಜೂಕ ಕೂತವರು, "ಏ ಕಾಕಾ, ವಾಚ್ ಕೆಟ್ಟದ, ಬಿಚ್ಚಿ ಕಿಸೆದಾಗ ಇಡ್ರಿ" ಅಂದ್ರು. ಇಟ್ಟೇ ಬಿಟ್ರು. ಕೂಗಿ ಕರಿಯೂದ್ರಾಗ ಆಟೋ ಹತ್ತಿದ್ರು.

ಆ ಒಂದು ಗಳಿಗಿ ಕೈ ಬಿಟ್ಟರ ಮತ್ತ ಸಿಗೂದಿಲ್ರಿ. ಆ ಏರುಪೇರು ಏಟ್ರಿಯಲ್ ಫಿಬ್ರಿಲೇಷನ್, ಡಾಕ್ಟರ್ ಭಾಷಾದಾಗ ಎಎಫ್, ಇರಬಹುದು; ಶುರುವಿನ್ಯಾಗ ಅದು ಬರ್ತದ, ಹೋಗ್ತದ. ಎದಿಯ ಮ್ಯಾಲಿನ ಕೋಣಿ ಸರಿಯಾಗಿ ಹಿಂಡೂದ ಬಿಟ್ಟು ನಡುಗ್ತಾವ. ಎಡಗಡೆ ಕೋಣಿಗೆ ಹತ್ತಿದ ಸಣ್ಣ ಚೀಲದಾಗ ರಕ್ತ ನಿಂತು ಹೆಪ್ಪುಗಟ್ತದ. ಆ ಗಡ್ಡಿ ಮೆದುಳಿಗೆ ಹೋದರ ಲಕ್ವಾ. ಎಎಫ್ ಇದ್ದವರಿಗೆ ಲಕ್ವಾದ ಅಪಾಯ ಸುಮಾರು ಐದು ಪಟ್ಟು. ದವಾಖಾನಿ ಮುಟ್ಟೂದ್ರಾಗ ಬಡಿತ ಸರಿಯಾಗಿ ಇಸಿಜಿ, ಅಂದ್ರ ಎದಿಯ ವಿದ್ಯುತ್ತಿನ ಗೆರಿ, ನಾರ್ಮಲ್ ಬರಬಹುದು. ಕೈಯಾಗ ಆ ಗಳಿಗಿಯ ಇಸಿಜಿ ಪಟ್ಟಿ ಇಲ್ಲಂದ್ರ ಡಾಕ್ಟರರು ಏನ್ ನೋಡಬೇಕು?

ವಾಚ್ ಬಿಚ್ಚಬ್ಯಾಡ್ರಿ. ಕೂಡ್ರಿ, ಎರಡೂ ಮುಂಗೈ ಟೇಬಲ್ ಮ್ಯಾಲ ಅಥವಾ ತೊಡಿ ಮ್ಯಾಲ ಇಡ್ರಿ. ಬೆಲ್ಟ್ ಬಿಗಿ ಮಾಡಿ ವಾಚನ್ನ ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮ್ಯಾಲ ಏರಿಸ್ರಿ. ವಾಕಿಂಗ್ ಬೆವರು ಒರಿಸಿ, ವಾಚಿನ ಇಸಿಜಿ ಆ್ಯಪ್ ತಗದು, ಇನ್ನೊಂದು ಕೈ ಬೆರಳು ವಾಚಿನ ಲೋಹದ ಗುಂಡಿಗೆ ಹಗೂರಕ ಮುಟ್ಟಿಸಿ 30 ಸೆಕೆಂಡ್ ಹಿಡೀರಿ. ಮಾತಾಡಬ್ಯಾಡ್ರಿ. ಒತ್ತಿ ಹಿಡಿದರ ಸ್ನಾಯು ನಡುಗಿ ಗೆರಿ ಪೂರಾ ಕಲಸಿ ಹೋಗ್ತದ. ಮನ್ಯಾಗಿದ್ದರ ಚಾರ್ಜರ್ ವೈರಿನಿಂದ ದೂರ ಕೂಡ್ರಿ. ಎಎಫ್ ಇದ್ದರ ಪಟ್ಟಿಯೊಳಗ ಚೂಪು ಮೊನಿಗಳ ನಡುವಿನ ಅಂತರ ಒಂದಕ್ಕೊಂದು ಹೊಂದೂದಿಲ್ಲ, ಪ್ರತಿ ಮೊನಿಯ ಮುಂದ ಇರಬೇಕಾದ ಸಣ್ಣ ಉಬ್ಬು ಕಾಣೂದಿಲ್ಲ. ಸ್ಕ್ರೀನ್‌ಶಾಟ್ ಕಳಿಸಬ್ಯಾಡ್ರಿ, ಪಿಡಿಎಫ್ ಕಳಿಸ್ರಿ. ಸೆಕೆಂಡಿಗೆ 25 ಮಿಲಿಮೀಟರ್ ಅನ್ನೋ ಅಳತಿ ಅದರಾಗ ಇರ್ತದ.

ಸೋವಿ ವಾಚಿನ್ಯಾಗ ಬರೇ ಹಸಿರು ದೀಪ ಇರ್ತದ. ಅದು ಚರ್ಮದ ಕೆಳಗ ರಕ್ತ ಏರಿಳಿಯೂದನ್ನ ನೋಡಿ ನಾಡಿ ಎಣಸ್ತದ, ಅಷ್ಟ. ಇನ್ನೊಂದು ಕೈ ಮುಟ್ಟಿಸದೇ 'ಇಸಿಜಿ' ತೋರಿಸೂ ವಾಚ್ ನಂಬಬ್ಯಾಡ್ರಿ. ಎರಡೂ ಕೈ ಮುಟ್ಟಿದಾಗಷ್ಟೇ ಎದಿಯ ವಿದ್ಯುತ್ತಿಗೆ ಸುತ್ತು ಪೂರಾ ಆಗ್ತದ. ಅಂಥ ವಾಚ್ ಸೂಚನಾ ಕೊಟ್ಟರ ಅವತ್ತೇ, ತಾಸಿನೊಳಗ, ಹತ್ತಿರದ ದವಾಖಾನ್ಯಾಗ ಇಸಿಜಿ ತಗಸ್ರಿ.

"ವಾಚ್ ಸುಮ್ಮನ ಹೆದರಿಸ್ತದ" ಅನ್ನೋರು ಭಾಳ ಮಂದಿ. ಬೆಲ್ಟ್ ಸಡಿಲಿದ್ದರ, ನಡುನಡುವ ಹೆಚ್ಚಿನ ಬಡಿತ ಬರೋರಿದ್ದರ, ತಪ್ಪು ಸೂಚನಾ ಬರೂದು ಖರೇ. 2019ರಾಗ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯೊಳಗ 4,19,297 ಜನ ಇದ್ರು. ಸೂಚನಾ ಬಂದದ್ದು ಬರೇ 0.52 ಪ್ರತಿಶತ ಮಂದಿಗೆ. ಆಮ್ಯಾಲ ಪ್ಯಾಚ್, ಅಂದ್ರ ಎದಿಗೆ ಅಂಟಿಸಿ ಇಸಿಜಿ ದಾಖಲಿಸೂ ಸಾಧನ, ಹಚ್ಚಿ ನೋಡಿದವರಾಗ 34 ಪ್ರತಿಶತ ಮಂದಿಗೆ ಎಎಫ್ ಸಿಕ್ತು. 'ಮೂರರಾಗ ಎರಡು ಸುಳ್ಳು' ಅಂತ ಇದನ್ನೇ ಹಿಡಕೊಂಡು ಕೂಡ್ತಾರ. ಆ ಪ್ಯಾಚ್ ಹಚ್ಚಿದ್ದು ಸೂಚನಾ ಬಂದು ದಿನಗಟ್ಟಲೆ ಆದ ಮ್ಯಾಲ! ಪ್ಯಾಚ್ ಮೈಮ್ಯಾಲ ಇದ್ದಾಗ ಬಂದ ಸೂಚನಾ ಪ್ಯಾಚಿನ ಇಸಿಜಿ ಜೋಡಿ ತಾಳೆ ನೋಡಿದರ 84 ಪ್ರತಿಶತ ಖರೇನ ಎಎಫ್. ಅದಕ್ಕ ಹೇಳೂದು, ಆಗಿನ ಪಟ್ಟಿ ಆಗ್ಲೇ ತಗೀರಿ.

ಪಟ್ಟಿ ನೋಡಿ ತಾವೇ ಆಸ್ಪಿರಿನ್ ನುಂಗೋರಿಗೆ ಒಂದು ಮಾತು: ಎಎಫ್ ಲಕ್ವಾ ತಡಿಯಾಕ ಅದು ಸಾಲೂದಿಲ್ಲ. ಯಾವ ರಕ್ತ ತೆಳು ಮಾಡೂ ಔಷಧ ಬೇಕು ಅನ್ನೂದು ವಯಸ್ಸು, ಬಿಪಿ, ಶುಗರ್, ಎದಿಯ ವಾಲ್ವ್ ನೋಡಿ ಡಾಕ್ಟರರು ಹೇಳಬೇಕು. ಸಣ್ಣವರಿದ್ದಾಗ ಕೀಲು ಬಾತು ಜ್ವರ ಬಂದು ವಾಲ್ವ್ ಕಿರಿದಾದವರಿಗೆ ಇವತ್ತಿಗೂ ವಾರ್ಫರಿನ್ ಅನ್ನೋ ರಕ್ತ ತೆಳು ಮಾಡೂ ಗುಳಿಗಿನೇ ಕೊಡ್ತಾರ.

ಎದಿನೋವು, ತಣ್ಣನ ಬೆವರು, ಉಸಿರು ಕಟ್ಟೂದು ಇದ್ದರ ಪಟ್ಟಿ ತಗೀಲಿಕ್ಕೆ ಕೂಡಬ್ಯಾಡ್ರಿ. ವಾಚಿಗೆ ಹಾರ್ಟ್ ಅಟ್ಯಾಕ್ ತಿಳಿಯೂದಿಲ್ಲ. 108ಕ್ಕ ಫೋನ್ ಹಚ್ಚಿರಿ.